ನನ್ನ ಪೇಜಿಗೆ ಬರೋನು ನಾನೊಬ್ಬನೇ

ಮೊನ್ನೆ ಬೆಳಿಗ್ಗೆ ಲಾಗಿನ್ ಆಗಿ ನೋಡ್ತೀನಿ, ನನ್ನ ಪ್ರೊಫೈಲ್ ಪೇಜಿಗೆ ಯಾರೋ ರಾತ್ರೋರಾತ್ರಿ ಕ್ಷೌರ ಮಾಡಿಬಿಟ್ಟಿದಾರೆ. ಚೌಕವಾಗಿದ್ದ ಫೋಟೋ ದುಂಡಗಾಗಿದೆ. ಆ ಫೋಟೋದ ಮೂಲೆಯಲ್ಲಿ ನಮ್ಮ ನಾಯಿ ಇತ್ತು, ಪಾಪ ಅದು ವೃತ್ತದಿಂದ ಆಚೆ ಹೋಗಿ ಒಂದು ಕಿವಿ ಮಾತ್ರ ಉಳಿದಿದೆ, ಅದೂ ನನ್ನ ಭುಜದ ಮೇಲೆ ಏನೋ ಗಂಟು ಎದ್ದ ಹಾಗೆ ಕಾಣ್ತಿದೆ. ಮೇಲೆ ಅಗಲಕ್ಕೂ ಒಂದು ಬೂದು ಪಟ್ಟಿ, ಇಲ್ಲೊಂದು ಕವರ್ ಫೋಟೋ ಹಾಕಿ ಅಂತ. ಅದರ ಕೆಳಗೆ ಅರ್ಧದಾರೀಲಿ ನಿಂತ ಹಸಿರು ಗೆರೆ, ನಿಮ್ಮ ಪ್ರೊಫೈಲ್ 60% ಪೂರ್ಣಗೊಂಡಿದೆ ಅಂತೆ. 11 ವರ್ಷದಿಂದ ಈ ಪ್ರಶ್ನೋತ್ತರದ ಸೈಟಲ್ಲಿ ಬಿದ್ದಿದೀನಿ ಮಾರಾಯ್ರೆ, ಇಲ್ಲಿವರೆಗೂ ನಾನು ಪೂರ್ತಿ ಇದೀನಿ ಅಂತಲೇ ಅಂದ್ಕೊಂಡಿದ್ದೆ.

ಈ ಚಟ ಇವರೊಬ್ಬರದ್ದೇ ಅಲ್ಲ ಬಿಡಿ. ಫೇಸ್‌ಬುಕ್ಕು 2011ರ ಸೆಪ್ಟೆಂಬರಲ್ಲಿ ಟೈಮ್‌ಲೈನ್ ಅಂತ ತೋರಿಸ್ತು, ಎಲ್ಲರ ತಲೆ ಮೇಲೂ ಒಂದೊಂದು ಕವರ್ ಫೋಟೋ ಬಂತು. ಟ್ವಿಟರ್ 2017ರ ಜೂನಲ್ಲಿ ಚೌಕದ ಮುಖಗಳನ್ನೆಲ್ಲ ದುಂಡಗೆ ಮಾಡ್ತು. ಇನ್‌ಸ್ಟಾಗ್ರಾಂ 2025ರ ಜನವರಿಯಲ್ಲಿ ಪ್ರೊಫೈಲಿನ ಚೌಕಗಳನ್ನ ಉದ್ದಕ್ಕೆ ಎಳೀತು, ಒಂದೇ ದೊಡ್ಡ ಚಿತ್ರನ 9 ತುಂಡು ಮಾಡಿ ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದವರ ಗತಿ ಏನಾಗಿರಬೇಡ ಯೋಚನೆ ಮಾಡಿ. ಒಬ್ಬರು ಶುರು ಮಾಡಿದ್ರೆ ಮಿಕ್ಕವರಿಗೆ ಕೈ ಕಟ್ಟಿ ಕೂರಕ್ಕಾಗಲ್ಲ. ಕೆಲಸ ಇಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಅಂತಾರಲ್ಲ, ಹಾಗೆ. ಇಲ್ಲಿ ಆ ಮಗು ನಾನು.

ಆದ್ರೆ ನಂಗೆ ಉರಿದಿದ್ದು ಫೋಟೋಗಲ್ಲ. ಮುಂಚೆ ನನ್ನ ಉತ್ತರಗಳ ಲೆಕ್ಕ 1,204 ಅಂತ ಇರ್ತಿತ್ತು, ಇನ್ನೊಂದು ಬರೆದ್ರೆ 1,205, ಆ ಒಂದು ಅಂಕಿ ಮೇಲೆ ಹೋಗೋದು ನೋಡೋದ್ರಲ್ಲಿ ಎಂಥ ಸುಖ ಇತ್ತು ಅಂತ ಈಗ ಗೊತ್ತಾಗ್ತಿದೆ, ಯಾಕಂದ್ರೆ ಈಗ ಬರೀ "1.2 ಸಾವಿರ" ಅಂತಿದೆ, ನಾನು ತಿಂಗಳುಗಟ್ಟಲೆ ಕೂತು ಬರೆದ್ರೂ ಅದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ತಾರೀಕೂ ಹೋಯ್ತು. ಯಾವತ್ತು ಏನು ಬರೆದೆ ಅಂತ ಇರಬೇಕಾದ ಕಡೆ "3 ವರ್ಷದ ಹಿಂದೆ", ಅದರ ಕೆಳಗಿಂದೂ "3 ವರ್ಷದ ಹಿಂದೆ", ಒಂದು ವರ್ಷದ ಬದುಕನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುರುಕಿದ ಹಾಗೆ. ಮೌಸ್ ಮೇಲಿಟ್ರೆ ಸರಿಯಾದ ತಾರೀಕು ಬರುತ್ತಂತೆ, ಫೋನಲ್ಲಿ ಮೌಸ್ ಎಲ್ಲಿಂದ ತರೋದು? ಅದೂ ಬಿಳಿ ಮೇಲೆ ತಿಳಿಬೂದು ಅಕ್ಷರ. ಓದೋ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು ಅಂತ ವೆಬ್ಬಿನವರೇ ಮಾಡ್ಕೊಂಡಿರೋ ಗೈಡ್‌ಲೈನ್ ಇದೆ. ಇವರು ಅದನ್ನೂ ಇಷ್ಟೇ ತಿಳಿಯಾದ ಬೂದು ಅಕ್ಷರದಲ್ಲಿ ಓದಿರಬೇಕು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅಂದ್ರೆ ಆ "ಜನಪ್ರಿಯ" ಅನ್ನೋ ಡಬ್ಬ. ಯಾರೋ ಒಬ್ಬರು ಕೀಬೋರ್ಡಲ್ಲಿ ಅಕ್ಷರಗಳು ಯಾಕೆ ವರ್ಣಮಾಲೆ ಪ್ರಕಾರ ಇಲ್ಲ ಅಂತ ಕೇಳಿದ್ರು, ನಾನು ಬಸ್ಸಲ್ಲಿ ನಿಂತ್ಕೊಂಡೇ, ಅದನ್ನ ಮಾಡಿದವನು ಆ ಪಾಠದ ದಿನ ರಜೆ ಹಾಕಿದ್ದ ಅಂತ ಒಂದು ಸಾಲು ಒಗೆದಿದ್ದೆ. ಅದೇ ಈಗ ನನ್ನ ಹೆಸರಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಪಟ್ಟಕ್ಕೆ ಕೂತಿದೆ. ಕೆಟ್ಟ ಹಾರ್ಡ್ ಡಿಸ್ಕಿಂದ ಫೈಲ್ ಎತ್ತೋದು ಹೇಗೆ ಅಂತ ಎರಡು ಭಾನುವಾರ ಹಾಳು ಮಾಡ್ಕೊಂಡು ಬರೆದಿದ್ದು ಮಾತ್ರ "ಇನ್ನಷ್ಟು ನೋಡಿ" ಒತ್ತಿ, ಮತ್ತೆ "ಇನ್ನಷ್ಟು ನೋಡಿ" ಒತ್ತಿ, ಆಮೇಲೆ ಆ ಪೇಜ್ ಲೋಡ್ ಆಗೋವರೆಗೂ ತಾಳ್ಮೆ ಇದ್ರೆ ಸಿಗುತ್ತೆ. ನಾನು ಯಾರು ಅಂತ ನಾನು ಹೇಳ್ಕೊಳ್ಳೋ ಜಾಗ ಅಂದ್ಕೊಂಡಿದ್ದೆ ಇದನ್ನ.

ಶುರುವಲ್ಲಿ ಹಾಗೇ ಇತ್ತು ಕೂಡ. 1971ರಲ್ಲಿ ಸ್ಟ್ಯಾನ್‌ಫರ್ಡಿನ ಎಐ ಲ್ಯಾಬಲ್ಲಿ ಲೆಸ್ ಅರ್ನೆಸ್ಟ್ ಅನ್ನೋರು ಫಿಂಗರ್ ಅಂತ ಒಂದು ಪ್ರೋಗ್ರಾಂ ಬರೆದ್ರು, ಯಾರದ್ದಾದ್ರೂ ಹೆಸರು ಹಾಕಿದ್ರೆ ಅವರ ಪೂರ್ತಿ ಹೆಸರು, ಕೊನೇ ಸಲ ಯಾವಾಗ ಲಾಗಿನ್ ಆಗಿದ್ರು ಅನ್ನೋದು ಬರೋದು, ಜೊತೆಗೆ ಪ್ಲಾನ್ ಅಂತ ಒಂದು ಫೈಲು, ಅದರಲ್ಲಿ ಅವರು ಏನು ಬರೆದಿಟ್ಟಿದಾರೋ ಅದು. ಕೆಲಸಕ್ಕೆ ಬಂದಿಲ್ಲ ಅಂದ್ರೆ ಎಲ್ಲಿ ಹಾಳಾಗಿ ಹೋಗಿದೀನಿ ಅಂತ ಹೇಳೋದಕ್ಕೆ ಇಟ್ಟಿದ್ದ ಜಾಗ, ಆಮೇಲೆ ಜನ ಅಲ್ಲಿ ಮನಸ್ಸಿಗೆ ಬಂದಿದ್ದೆಲ್ಲ ಬರೀತಾ ಹೋದ್ರು. ಫೋಟೋ ಇಲ್ಲ, ಪರ್ಸೆಂಟೇಜ್ ಇಲ್ಲ, ಆ ಫೈಲಲ್ಲಿ ಯಾವ ಸಾಲು ಮೇಲಿರಬೇಕು ಅಂತ ಬರೆದವನೇ ತೀರ್ಮಾನ ಮಾಡ್ತಿದ್ದ.

ಹೊಸ ಪೇಜಲ್ಲಿ ಒಳ್ಳೇದೇನೂ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹಳೇದನ್ನ ಫೋನಲ್ಲಿ ನೋಡಬೇಕಂದ್ರೆ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಸಾಕಾಗ್ತಿತ್ತು, ಈಗ ಅಚ್ಚುಕಟ್ಟಾಗಿ ಕೂರುತ್ತೆ. ಬ್ಲಾಕ್ ಮಾಡೋ ಬಟನ್ನು ಕೈಗೆಟಕೋ ಹಾಗಿದೆ, ಮುಂಚೆ ಅದನ್ನ ಹುಡುಕೋ ಹೊತ್ತಿಗೆ ಸಿಟ್ಟೇ ಇಳಿದುಹೋಗ್ತಿತ್ತು. ಅಷ್ಟೇ.

ಇದನ್ನೆಲ್ಲ ಫ್ರೆಂಡ್ ಹತ್ರ ಒದರಿದೆ. ಅವನೂ ಅದೇ ಸೈಟಲ್ಲಿರೋನೇ. ಎಲ್ಲ ಕೇಳಿಸ್ಕೊಂಡು, "ಲೋ, ನಿನ್ನ ಪ್ರೊಫೈಲ್ ನಾನು ಯಾವತ್ತು ನೋಡಿದೀನಿ?" ಅಂದ. ಹಳೇದೂ ನೋಡಿಲ್ವಂತೆ. ಸರಿ ನೀನು ನಂದು ನೋಡಿದೀಯ ಅಂತ ತಿರುಗಿ ಕೇಳಿದ, ನಾನೂ ನೋಡಿರಲಿಲ್ಲ. ಅಲ್ಲಿಗೆ, ಬೇರೆಯವರಿಗೆ ನನ್ನ ಪರಿಚಯ ಮಾಡ್ಸೋಕೆ ಅಂತ ಇರೋ ಆ ಪೇಜಿಗೆ ದಿನಾ ತಪ್ಪದೆ ಬರೋ ಗಿರಾಕಿ ನಾನೊಬ್ಬನೇ ಅಂತಾಯ್ತು. ಹಾರ್ಡ್ ಡಿಸ್ಕ್ ಉತ್ತರ ಎಲ್ಲಿದೆ ಅಂತ ಹುಡುಕ್ತಿದ್ದವನೂ ನಾನೇ, ಅದು ಸಿಗಲಿಲ್ಲ ಅಂತ ಬೈತಿದ್ದವನೂ ನಾನೇ.

ಆದ್ರೂ ಬಿಡಬಾರದು ಅಂತ ಫೀಡ್‌ಬ್ಯಾಕ್ ಬಟನ್ ಒತ್ತಿದೆ. ಅಳೋ ಮುಖದಿಂದ ನಗೋ ಮುಖದವರೆಗೆ ಐದು ಮುಖ, ಎಲ್ಲಾ ದುಂಡಗೇ ಇದ್ವು. ಕೆಳಗೆ 200 ಅಕ್ಷರದ ಜಾಗ. ನಾಯಿ, ಲೆಕ್ಕ, ತಾರೀಕು ಎಲ್ಲ ಬರೆದೆ, ಹಿಡಿಸಲಿಲ್ಲ, ನಾಯಿನ ಮತ್ತೆ ಆಚೆ ಹಾಕಿದೆ, ತಾರೀಕಿನದ್ದೂ ಕತ್ತರಿಸಿದೆ, ಕೊನೆಗೆ ಉಳಿದಿದ್ದು "ಹಳೇದೇ ಚೆನ್ನಾಗಿತ್ತು". ಕಳಿಸಿದೆ. ಧನ್ಯವಾದ ಅಂತ ಬಂತು, ನನ್ನ ಹೆಸರಿನ ಪಕ್ಕ "ಸಲಹೆಗಾರ" ಅಂತ ಒಂದು ಸಣ್ಣ ಬ್ಯಾಡ್ಜೂ ಬಂತು, ಹಸಿರು ಗೆರೆ 65ಕ್ಕೆ ಹೋಯ್ತು. ಆವತ್ತು ಸಂಜೆಯೊಳಗೆ ಮೂರು ಸಲ ಹೋಗಿ ನೋಡ್ಕೊಂಡು ಬಂದೆ.