ಹತ್ತು ಬೆರಳು, 230 ತಂತಿ

ಮೊದಲನೇ ಗಾಯ ಎಡಗೈ ಹೆಬ್ಬೆರಳಿಗೆ. ಎರಡನೆಯದು ಬಲಗೈ ತೋರುಬೆರಳಿಗೆ. ಮೂರನೆಯದು ಮೊದಲನೇ ಗಾಯಕ್ಕೆ ಹಾಕಿದ್ದ ಪಟ್ಟಿಗೆ. ಪಟ್ಟಿಯನ್ನು ದಾಟಿ ತಂತಿ ಅದೇ ತೂತಿಗೆ ವಾಪಸ್ ಹೋಯಿತು. ಅಷ್ಟು ಗುರಿ ನನಗಂತೂ ಯಾವತ್ತೂ ಇರಲಿಲ್ಲ.

ನನ್ನದೊಂದು ಹಳೇ ಅಪ್‌ರೈಟ್ ಪಿಯಾನೋ. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ನಾನೇ ಬದಲಿಸುತ್ತೇನೆ ಎಂದು ಹೊರಟೆ. 88 ಮನೆ, ಅಂದರೆ 88 ತಂತಿ, ದಿನಕ್ಕೆ ಹತ್ತು ಹಾಕಿದರೂ ಒಂಬತ್ತು ದಿನ ಸಾಕು ಎಂದು ಲೆಕ್ಕ ಹಾಕಿದ್ದೆ. ಮುಂದಿನ ಹಲಗೆ, ಸುತ್ತಿಗೆಗಳ ಜೋಡಣೆ ಎಲ್ಲ ಹೊರಗಿಟ್ಟು ನೋಡಿದರೆ ಎದೆ ಧಸಕ್ಕೆಂದಿತು. ಮೇಲಿನ ಸ್ವರಗಳಿಗೆ ಒಂದೊಂದಕ್ಕೆ ಮೂರು ತಂತಿ. ಮಂದ್ರದ ಕಡೆ ಎರಡು. ತೀರಾ ಕೆಳಗಿನವಕ್ಕೆ ಮಾತ್ರ ಒಂದು. ಒಟ್ಟು 230ರ ಆಸುಪಾಸು! ಒಂದೊಂದೂ ಸುಮಾರು 70-80 ಕೆಜಿ ಭಾರ ನೇತುಹಾಕಿದಷ್ಟು ಬಿಗಿ. ಎಲ್ಲ ಕೂಡಿಸಿದರೆ 16ರಿಂದ 20 ಟನ್. ಇದನ್ನು ತಾಳಿಕೊಳ್ಳಲಿಕ್ಕೆಂದೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುತ್ತದೆ. ಬಾಸ್ಟನ್ನಿನ ಆಲ್ಫಿಯಸ್ ಬಾಬ್‌ಕಾಕ್ ಅದನ್ನು ಒಂದೇ ಎರಕದಲ್ಲಿ ಮಾಡಿ 1825ರಲ್ಲಿ ಪೇಟೆಂಟ್ ಪಡೆದ. ಪಿಯಾನೋ ಮುರಿಯದ ಹಾಗೆ ಅವನು ನೋಡಿಕೊಂಡ. ಬೆರಳಿನ ವಿಷಯ ನನ್ನ ಪಾಲಿಗೆ ಬಿಟ್ಟ.

ಬರಿಗೈಯಲ್ಲಿ ಆಗದು ಎಂದು ಮೂರನೇ ಗಾಯದ ಹೊತ್ತಿಗೆ ಗೊತ್ತಾಯಿತು. ಗ್ಲೌಸು ಹುಡುಕಲು ಶುರು ಮಾಡಿದೆ.

ಮೊದಲು ಬಂದದ್ದು ದಪ್ಪ ಚರ್ಮದ ಗ್ಲೌಸು. ಹಾಕಿಕೊಂಡ ತಕ್ಷಣ ಧೈರ್ಯ ಬಂತು, ಬೆರಳು ಹೋಯಿತು. ಎದುರಿಗಿರುವ ತಂತಿ ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ನನ್ನ ಕೈ ಕರಡಿಯ ಪಂಜದ ಹಾಗೆ. ಕೆಲಸವೋ, ಸೂಜಿಗೆ ದಾರ ಪೋಣಿಸುವಂಥದ್ದು. ತಂತಿಯ ತುದಿಯನ್ನು ಟ್ಯೂನಿಂಗ್ ಪಿನ್ನಿನ, ಅಂದರೆ ತಿರುಗಿಸಿ ತಂತಿ ಬಿಗಿ ಮಾಡುವ ಗೂಟದ, ತೂತಿಗೆ ತೂರಿಸಬೇಕು. ಅದು ಆ ಕಡೆ ಇಣುಕಬಾರದು, ಒಳಗೇ ನಿಲ್ಲಬೇಕು. ಆಮೇಲೆ ಪಿನ್ನಿನ ಸುತ್ತ ಮೂರು ಸುತ್ತು, ಒಂದರ ಮೇಲೊಂದು ಹತ್ತದ ಹಾಗೆ, ಒತ್ತಾಗಿ. ಎಡಗೈ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈ ತಿರುಗಿಸಬೇಕು. ಒಂದು ಕ್ಷಣ ಸಡಿಲ ಬಿಟ್ಟರೂ ಸುರುಳಿ ಬಿಚ್ಚಿಕೊಳ್ಳುತ್ತದೆ, ತುದಿ ಹೊರಗೆ ಚಿಮ್ಮಿ ಹತ್ತಿರದಲ್ಲಿ ಯಾವ ಬೆರಳಿದೆಯೋ ಅದನ್ನು ವಿಚಾರಿಸಿಕೊಳ್ಳುತ್ತದೆ.

ಹತ್ತು ನಿಮಿಷ ಹೆಣಗಾಡಿ ಮೂರು ಸುತ್ತು ಹಾಕಿದೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಪಿನ್ ಬಡಿದೆ, ಬಿಗಿ ಮಾಡಿದೆ, ಹೆಮ್ಮೆಯಿಂದ ಕೈ ಹಿಂದಕ್ಕೆ ತೆಗೆದೆ. ಕೈ ಬಂತು, ಗ್ಲೌಸು ಬರಲಿಲ್ಲ. ತೋರುಬೆರಳಿನ ತುದಿಯ ಖಾಲಿ ಚರ್ಮವನ್ನು ತಂತಿಯ ಜೊತೆಗೇ ಸೇರಿಸಿ ಸುತ್ತಿಬಿಟ್ಟಿದ್ದೆ. ಅಷ್ಟರಲ್ಲಿ ಮಗಳು ಬಂದಳು. ಪಿಯಾನೋದಿಂದ ನೇತಾಡುತ್ತಿದ್ದ ಗ್ಲೌಸನ್ನು ಕುಲುಕಿ ‘ನಮಸ್ಕಾರ’ ಎಂದು ಹೇಳಿ ಹೋದಳು.

ತಪ್ಪು ಚರ್ಮದ್ದಲ್ಲ, ಅಳತೆಯದ್ದು. ಅಂಗೈ ಸುತ್ತ ಟೇಪು ಹಿಡಿದು ಅಳೆದು ಗ್ಲೌಸು ಆರಿಸಬೇಕಂತೆ. ನಾನು ಒಂದು ಸೈಜು ದೊಡ್ಡದೇ ತಂದಿದ್ದೆ. ಮಕ್ಕಳಿಗೆ ಬಟ್ಟೆ ಕೊಳ್ಳುವ ಅಭ್ಯಾಸ, ಇರಲಿ, ಬೆಳೆದ ಮೇಲೂ ಆಗುತ್ತೆ ಅಂತ. ಈ ವಯಸ್ಸಲ್ಲಿ ನನ್ನ ಬೆರಳು ಎಲ್ಲಿಗೆ ಬೆಳೆಯಬೇಕು?

ಎರಡನೆಯದು ಬಿಳಿ ಹತ್ತಿ ಗ್ಲೌಸು. ಇದು ಬೆರಳು ಕಾಯಲಿಕ್ಕಲ್ಲ, ಬೆರಳಿನಿಂದ ತಂತಿಯನ್ನು ಕಾಯಲಿಕ್ಕೆ. ನಮ್ಮ ಬೆವರು, ಜಿಡ್ಡು ತಾಗಿದ ಕಡೆ ಉಕ್ಕು ತುಕ್ಕು ಹಿಡಿಯುತ್ತದೆ. ಮಂದ್ರದ ತಂತಿಗಳಿಗೆ ಸುತ್ತಿರುವ ತಾಮ್ರ ಕಪ್ಪಾಗುತ್ತದೆ. ಹಾಕಿಕೊಂಡಾಗ ನಾನೇ ಜಾದೂಗಾರನ ಹಾಗೆ ಕಂಡೆ. ಕತ್ತರಿಸಿದ ತಂತಿಯ ತುದಿಗೆ ಮಾತ್ರ ಅಲ್ಲಿ ಗ್ಲೌಸು ಇದೆ ಎಂಬುದೇ ಗೊತ್ತಾಗಲಿಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕಿ ಬಹಳ ಎದ್ದು ಕಾಣುತ್ತದೆ, ಅದೊಂದು ಅನುಕೂಲ.

ಮೂರನೆಯದಕ್ಕೆ ಪೂರ್ತಿ ಓದಿಕೊಂಡು ಹೋದೆ. ಕೆಲಸದ ಗ್ಲೌಸುಗಳಿಗೆ ಇಎನ್ 388 ಎಂಬ ಯುರೋಪಿನ ಮಾನದಂಡ ಇದೆ. ಗ್ಲೌಸಿನ ಮೇಲೆ ಸುತ್ತಿಗೆಯ ಚಿತ್ರ, ಅದರ ಕೆಳಗೆ ನಾಲ್ಕು ಅಂಕಿ, ಆಮೇಲೆ ಅಕ್ಷರ. ಅಂಕಿಗಳು ಕ್ರಮವಾಗಿ ಉಜ್ಜುವುದು, ಕುಯ್ಯುವುದು, ಹರಿಯುವುದು, ಚುಚ್ಚುವುದು ಇವನ್ನು ಎಷ್ಟು ತಡೆಯುತ್ತದೆ ಎಂದು ಹೇಳುತ್ತವೆ. 2016ರಲ್ಲಿ ಸೇರಿದ ಅಕ್ಷರವೂ ಕುಯ್ಯುವುದಕ್ಕೇ, ಎಯಿಂದ ಎಫ್‌ವರೆಗೆ. ಎಫ್ ಎಲ್ಲಕ್ಕಿಂತ ಗಟ್ಟಿ. ಶಾಲೆಯಲ್ಲಿ ಎಫ್ ಬಂದರೆ ಫೇಲು, ಇಲ್ಲಿ ರ‍್ಯಾಂಕು. ನಾನು ಎಫ್ ಇರುವುದನ್ನೇ ತಂದೆ. ಕತ್ತಿ ಝಳಪಿಸುತ್ತಾ ಯಾರು ಬಂದರೂ ಎದುರಿಸುತ್ತಿದ್ದೆ. ಆದರೆ ತಂತಿ ಕುಯ್ಯುವುದಿಲ್ಲ, ಚುಚ್ಚುತ್ತದೆ. ಚುಚ್ಚುವ ಪರೀಕ್ಷೆಯನ್ನೂ ದಪ್ಪ ಮೊಳೆಯಂಥದ್ದರಿಂದ ಮಾಡುತ್ತಾರೆ, ಸೂಜಿಯಂಥ ತುದಿಯಿಂದಲ್ಲ. ನನ್ನ ತಂತಿ ಹೆಣಿಗೆಯ ಎರಡು ಎಳೆಗಳ ನಡುವೆ ನುಸುಳಿ ಹೋಯಿತು. ಗ್ಲೌಸಿಗೆ ಒಂದು ಗೀರೂ ಇಲ್ಲ. ತೆಗೆದು ನೋಡಿದರೆ ಒಳಗೆ ರಕ್ತ. ತನ್ನ ಮಾನ ಉಳಿಸಿಕೊಂಡು ನನಗೆ ಕೈ ಕೊಟ್ಟಿತು.

ರಬ್ಬರಿನಂಥ ತೆಳು ನೀಲಿ ನೈಟ್ರೈಲ್ ಗ್ಲೌಸಿನ ಕಥೆ ಚಿಕ್ಕದು. ಸ್ಪರ್ಶ ಚೆನ್ನಾಗಿ ಗೊತ್ತಾಗುತ್ತದೆ, ಬೆವರು ಹೊರಗೆ ಬಿಡುವುದಿಲ್ಲ, ಎರಡು ತಂತಿಗೊಮ್ಮೆ ಹರಿಯುತ್ತದೆ.

ಈ ವಿದ್ಯೆ ಕಲಿಸಿಕೊಟ್ಟ ಹಿರಿಯರನ್ನು ಕೇಳಿದೆ. ಅವರ ಬೆರಳ ತುದಿಗಳೇ ಚರ್ಮದ ಗ್ಲೌಸಿನ ಹಾಗಿವೆ. ನಕ್ಕು ಒಂದೇ ಪ್ರಶ್ನೆ ಹಾಕಿದರು: ‘ಹಳೇ ಪಿನ್ನನ್ನು ಡ್ರಿಲ್ಲಿಗೆ ಹಾಕಿ ತಿರುಗಿಸಿ ತೆಗೆಯುವಾಗಲೂ ಗ್ಲೌಸು ಹಾಕ್ಕೊಂಡಿದ್ಯಾ?’ ಹೌದು ಎಂದೆ. ನಗು ನಿಂತಿತು. ತಿರುಗುವ ಡ್ರಿಲ್ಲು ಗ್ಲೌಸಿನ ಒಂದು ಎಳೆ ಹಿಡಿದರೆ ಸಾಕು, ಬೆರಳನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ಅಂದರೆ ನನಗೆ ಅತಿ ಹೆಚ್ಚು ಹೆದರಿಕೆಯಾಗುವ ಹೊತ್ತಿನಲ್ಲೇ ಬರಿಗೈ. ಕನ್ನಡಕದ ವಿಷಯದಲ್ಲಿ ಮಾತ್ರ ಅವರದು ಚೌಕಾಸಿ ಇಲ್ಲ. ಮೊದಲಿನಿಂದ ಕೊನೆವರೆಗೂ ಹಾಕಿರಬೇಕು. ಬೆರಳು ಹತ್ತಿವೆ, ಕಣ್ಣು ಎರಡೇ ಅಲ್ವಾ?

ಈಗ ನಾನು ಹೊತ್ತಿಗೊಂದು ಗ್ಲೌಸು ಹಾಕುತ್ತೇನೆ. ಹಳೇ ತಂತಿಗಳನ್ನು ಆ ಕಡೆಯಿಂದ ಈ ಕಡೆಯವರೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಕಳಚುವಾಗ ಚರ್ಮದ್ದು, ಸರಿಯಾದ ಅಳತೆಯದ್ದು. ಡ್ರಿಲ್ಲಿಗೆ ಏನೂ ಇಲ್ಲ. ಹೊಸ ಉಕ್ಕಿನ ತಂತಿ ಸುತ್ತುವಾಗ ಎಡಗೈಗೆ ಅಂಗೈ ಮೇಲೆ ಪಾಲಿಯುರೆಥೇನ್ ಬಳಿದ ತೆಳು ಹೆಣಿಗೆಯದು, ಒಳಗೆ ಹೆಬ್ಬೆರಳಿಗೂ ತೋರುಬೆರಳಿಗೂ ಎರಡು ಸುತ್ತು ಬಟ್ಟೆಯ ಟೇಪು. ತಾಮ್ರ ಸುತ್ತಿದ ತಂತಿಗೆ ತೊಳೆದ ಹತ್ತಿಯದು. ಬದಲಾಯಿಸಿ ಬದಲಾಯಿಸಿ ತಂತಿಗಿಂತ ಗ್ಲೌಸು ಹಾಕುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ, ನಿಜ.

ಕೊನೇ ದಿನ ಹತ್ತಿ ಗ್ಲೌಸಿನಲ್ಲಿ ಮಂದ್ರದ ತಂತಿ ಹಾಕುತ್ತಿದ್ದೆ. ಸುತ್ತು ಸಡಿಲವಾಗದಿರಲಿ ಎಂದು ತಾಮ್ರ ಸುತ್ತಿರುವ ದಿಕ್ಕಿಗೇ ಒಂದು ತಿರುವು ಕೊಟ್ಟು ಕೊಕ್ಕೆಗೆ ಸಿಕ್ಕಿಸಬೇಕು. ಅಷ್ಟರಲ್ಲಿ ಫೋನು. ಗ್ಲೌಸು ಬಿಚ್ಚಿ ಓಡಿದೆ. ನಿಂತೇ ಹೋಗಿತ್ತು. ಯಾರದೆಂದು ನೋಡೋಣ ಎಂದರೆ, ಇಷ್ಟೊಂದು ತೂತಾದ ಹೆಬ್ಬೆರಳನ್ನು ಫೋನು ಗುರುತಿಸಲೇ ಇಲ್ಲ. ಅದೇ ಸಿಟ್ಟಿನಲ್ಲಿ ವಾಪಸ್ ಬಂದವನು ಬರಿಗೈಯಲ್ಲೇ ತಂತಿ ತಿರುವಿ ಹಾಕಿಬಿಟ್ಟೆ.

ಕೆಲವು ತಿಂಗಳಾದ ಮೇಲೆ ಹಲಗೆ ತೆಗೆದೆವು. ಸಾಲಾಗಿ ಹೊಳೆಯುವ ತಾಮ್ರದ ತಂತಿಗಳು. ಒಂದರ ಮೇಲೆ ಮಾತ್ರ ಬೆರಳಗಲದ ಕಪ್ಪು ಕಲೆ. ಮಗಳು ಟಾರ್ಚು ಹಿಡಿದು ಹತ್ತಿರದಿಂದ ನೋಡಿದಳು.

‘ಅಪ್ಪಾ, ಸಹಿ ಹಾಕೋಕೆ ಬರುತ್ತಲ್ಲ ನಿಂಗೆ? ಹೆಬ್ಬೆಟ್ಟು ಯಾಕೆ ಒತ್ತಿದ್ದೀಯ?’