ಸೇವೆಯ ಗಂಟೆಗಳು ಪಾಠಕ್ಕೆ ಸಲ್ಲಲಿ

ನಾನು ನೆಲೆಸಿರುವ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಪ್ರೌಢಶಾಲೆ ಮುಗಿಸುವ ವಿದ್ಯಾರ್ಥಿ 40 ಗಂಟೆ ಸಮಾಜಸೇವೆ ಮಾಡಿರಲೇಬೇಕು. ಸಂಬಳದ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಗಂಟೆ ತುಂಬಿಸಿದರಾಯಿತು ಎನ್ನುವವರು ಅಲ್ಲಿಯೂ ಇದ್ದಾರೆ. ಆದರೆ ಆ ಅವಧಿಯನ್ನು ಕಿರಿಯರಿಗೆ ಪಾಠ ಹೇಳಿಕೊಡಲು ಬಳಸಿದವರಲ್ಲಿ ಆಗುವ ಬದಲಾವಣೆಯನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ನನ್ನ ಮಗಳ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ, ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ಭಾಗವೇ ದೊಡ್ಡದೆಂದು ಪಟ್ಟು ಹಿಡಿದಿದ್ದ. ಛೇದ ಸಮ ಮಾಡುವ ಕ್ರಮ ಅವಳಿಗೆ ಬಾಯಿಪಾಠವಾಗಿತ್ತೇ ಹೊರತು ಅದರ ಕಾರಣವನ್ನು ಅವಳು ಎಂದೂ ಯೋಚಿಸಿರಲಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಮಡಿಸಿ ತೋರಿಸಿದಾಗ ಅವನ ಸಂದೇಹ ಕಳೆಯಿತು, ಅವಳ ಗಣಿತವೂ ಗಟ್ಟಿಯಾಯಿತು.

ನನ್ನೂರು ಕಲಬುರಗಿಯ ಕಾಲೇಜುಗಳಲ್ಲಿ ಇದಕ್ಕಿಂತ ದೊಡ್ಡ ಅವಕಾಶವಿದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಅಂದರೆ ಒಂಟಾರಿಯೊದ ಆರು ಪಟ್ಟು. ನಾನು ಕಂಡಮಟ್ಟಿಗೆ ಅದರ ಬಹುಪಾಲು ಸ್ವಚ್ಛತೆ, ಜಾಥಾ, ಭಾಷಣಗಳಲ್ಲಿಯೇ ಕಳೆದುಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನಕ್ಕಿಳಿದ ಮೇಲೂ ಈ ಗಂಟೆಗಳು ಮಕ್ಕಳ ಪುಸ್ತಕದತ್ತ ತಿರುಗದಿರುವುದು ನನಗೆ ನೋವಿನ ಸಂಗತಿ.

ಚಿಂಚೋಳಿಯ ತಾಂಡಾದಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಮೇಷ್ಟ್ರ ಮುಂದೆ ತಲೆ ತಗ್ಗಿಸಿ ಸುಮ್ಮನಿರಬಹುದು. ಅದೇ ಸೀಮೆಯಿಂದ ಬಂದು ಪದವಿ ಓದುತ್ತಿರುವ ಅಕ್ಕನ ಮುಂದೆ ಮಾತ್ರ “ತಿಳೀಲಿಲ್ರೀ ಅಕ್ಕಾ, ಇನ್ನೊಮ್ಮಿ ಹೇಳ್ರಿ” ಎನ್ನಲು ಅದಕ್ಕೆ ಅಂಜಿಕೆಯಿರುವುದಿಲ್ಲ. ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಆ ಅಕ್ಕನಿಗೂ ನಾಲ್ಕು ಜನರ ಮುಂದೆ ನಿಂತು ವಿಷಯವನ್ನು ಬಿಡಿಸಿ ಹೇಳುವ ಧೈರ್ಯ ಇಲ್ಲಿಯೇ ಬರುತ್ತದೆ, ಮುಂದೆ ಬಿ.ಎಡ್. ತರಗತಿಯಲ್ಲಾಗಲಿ ಸಂದರ್ಶನದಲ್ಲಾಗಲಿ ಅದು ಅವಳ ಕೈಹಿಡಿಯುತ್ತದೆ.

ಸೇವಾ ಯೋಜನೆಯ ಏಳು ದಿನಗಳ ಶಿಬಿರದಿಂದ ಇದು ಸಾಧ್ಯವಿಲ್ಲ. ಒಬ್ಬ ವಿದ್ಯಾರ್ಥಿಗೆ ಅದೇ ಇಬ್ಬರು ಮೂವರು ಮಕ್ಕಳು, ವಾರಕ್ಕೆರಡು ಸಂಜೆ, ಇಡೀ ವರ್ಷ, ಊರಿನ ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಗಂಟೆಗಳ ದಾಖಲೆ: ಇಷ್ಟಾದರೆ ಸಾಕು. ತಂದೆತಾಯಿಯರ ಜೊತೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡ ಮಕ್ಕಳಿಂದಲೇ ಇದನ್ನು ಆರಂಭಿಸಬೇಕು; ಅವರು ಯಾವ ಪಾಠದಲ್ಲಿ ನಿಂತಿದ್ದರೆಂಬುದು ವರ್ಷವಿಡೀ ಜೊತೆಗಿದ್ದ ಅಕ್ಕ, ಅಣ್ಣನಿಗೆ ಗೊತ್ತಿರುತ್ತದೆ.