ಕಂತು ನೀವು ಕಟ್ಟುತ್ತೀರಿ, ಕಾರು ಯಾರದ್ದು?

"ನನಗೆ ಕೈಗೆ ಇಷ್ಟು ಕೊಡಿ, ಉಳಿದ ಕಂತು ನೀವೇ ಕಟ್ಟಿಕೊಂಡು ಹೋಗಿ, ಕಾರು ನಿಮ್ಮದು." ಹೀಗೆ ಹೇಳುವವರು ಹೆಚ್ಚಾಗಿ ಗೆಳೆಯರೋ ನೆಂಟರೋ ಆಗಿರುತ್ತಾರೆ. ಕಾಗದ ಕೇಳೋಕೂ ನಮಗೆ ಸಂಕೋಚ. ಆದರೂ ಹೇಳುತ್ತೇನೆ, ಸಾಲ ಕೊಟ್ಟ ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪುವ ತನಕ ಇನ್ನೊಬ್ಬರ ಕಾರಿಗೆ ಒಂದು ಕಂತನ್ನೂ ಕಟ್ಟಬೇಡಿ.

ಸಾಲದ ಕರಾರು ಇರುವುದು ಬ್ಯಾಂಕಿಗೂ ಹಳೇ ಮಾಲೀಕರಿಗೂ ನಡುವೆ. ನೀವಿಬ್ಬರೇ ಕೂತು ಎಂಥ ಪತ್ರ ಬರೆದುಕೊಂಡರೂ, ನೋಟರಿ ಮುದ್ರೆ ಹಾಕಿಸಿದರೂ, ಬ್ಯಾಂಕ್ ಅದಕ್ಕೆ ಕಟ್ಟುಬೀಳುವುದಿಲ್ಲ. ಅನುಮತಿ ಇಲ್ಲದೆ ಕಾರನ್ನು ಮಾರಬಾರದು ಅಂತ ಸಾಲದ ಕರಾರಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು ಓದಿದವರು ಎಷ್ಟು ಜನವೋ!

ಇದರಲ್ಲಿ ಕೊಳ್ಳುವವರಿಗಷ್ಟೇ ಅಪಾಯ ಅಂದುಕೊಳ್ಳಬೇಡಿ. ನೀವು ಕಂತು ತಪ್ಪಿಸಿದರೆ ಕೆಡುವುದು ಹಳೇ ಮಾಲೀಕರ ಕ್ರೆಡಿಟ್ ಸ್ಕೋರ್. ನೀವು ಕಾರನ್ನು ಯಾರಿಗಾದರೂ ಗುದ್ದಿದರೆ ಮೊದಲು ಹುಡುಕಿಕೊಂಡು ಹೋಗುವುದು ನೋಂದಣಿಯಲ್ಲಿ ಹೆಸರಿರುವವರನ್ನು. ಇತ್ತ ನೀವು ದುಡ್ಡು ಕೊಟ್ಟೂ ಕೈ ಕಟ್ಟಿ ಕೂತಿರುತ್ತೀರಿ. ಕಾರು ಕಳುವಾದರೆ ವಿಮೆ ಹಣ ಮೊದಲು ಬ್ಯಾಂಕಿನ ಬಾಕಿಗೆ, ಮಿಕ್ಕಿದ್ದು ವಿಮೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಪಾಲಿಸಿ ನಿಮ್ಮ ಹೆಸರಿಗೆ ಬದಲಾಗದಿದ್ದರೆ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆಯೂ ಇದೆ. "ಪವರ್ ಆಫ್ ಅಟಾರ್ನಿ ಕೊಡುತ್ತೇನೆ ಬಿಡಿ" ಅನ್ನುತ್ತಾರೆ. ಅಂದರೆ ಅವರ ಪರವಾಗಿ ನೀವು ಸಹಿ ಹಾಕಬಹುದು ಅನ್ನುವ ಅಧಿಕಾರ ಪತ್ರ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದರ ಕಥೆಯೂ ಮುಗಿಯಿತು. ಆಮೇಲೆ ನೀವು ಮಾತಾಡಬೇಕಾದದ್ದು ಅವರ ವಾರಸುದಾರರ ಹತ್ತಿರ.

ಲೆಕ್ಕದಲ್ಲೂ ಜನ ಎಡವುತ್ತಾರೆ. "ಬಡ್ಡಿಯೆಲ್ಲ ನಾನೇ ಕಟ್ಟಿಯಾಗಿದೆ, ನಿಮಗೆ ಅಸಲು ಮಾತ್ರ ಉಳಿದಿದೆ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಬಾಕಿ ಇಳಿದಂತೆ ಬಡ್ಡಿ ಇಳಿಯುವ ಸಾಲದಲ್ಲಿ, ಉಳಿದ ಬಾಕಿಗೂ ಅದೇ ದರದ ಬಡ್ಡಿ ನಡೆಯುತ್ತಿರುತ್ತದೆ. ಉಳಿದ ಕಂತುಗಳನ್ನು ಕಂತಿನ ಮೊತ್ತದಿಂದ ಗುಣಿಸಿ "ಇಷ್ಟು ಬಾಕಿ" ಅನ್ನುವುದೂ ತಪ್ಪು. ಅದರಲ್ಲಿ ಮುಂದೆ ಬರಬೇಕಾದ ಬಡ್ಡಿಯೂ ಸೇರಿರುತ್ತದೆ. ಇವತ್ತೇ ಸಾಲ ಮುಗಿಸಿದರೆ ಎಷ್ಟು ಕಟ್ಟಬೇಕು, ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಶುಲ್ಕ ಎಷ್ಟು ಅನ್ನುವುದನ್ನು ಬ್ಯಾಂಕಿನಿಂದಲೇ ಬರೆಸಿಕೊಳ್ಳಬೇಕು. ಹಾಗೆ ಬರೆದುಕೊಟ್ಟ ಮೊತ್ತವೂ ಒಂದು ದಿನಾಂಕದ ತನಕ ಮಾತ್ರ ಚಾಲ್ತಿಯಲ್ಲಿರುತ್ತದೆ.

ಆ ಮೊತ್ತವನ್ನು ಕಾರಿನ ಈಗಿನ ಬೆಲೆಯ ಪಕ್ಕ ಇಡಿ. ಬೆಲೆ 100 ಇದ್ದು ಬಾಕಿ 70 ಇದ್ದರೆ, ಮಾಲೀಕರಿಗೆ ಸಲ್ಲಬೇಕಾದದ್ದು 30. ಬಾಕಿಯೇ 120 ಇದ್ದರೆ? ಆಗ ಅವರೇ 20 ತುಂಬಬೇಕು, ನೀವಲ್ಲ. ಹೊಸ ಕಾರಿನ ಬೆಲೆ ಮೊದಲ ವರ್ಷಗಳಲ್ಲಿ ಬೇಗ ಕುಸಿಯುತ್ತದೆ, ಅಸಲು ಮಾತ್ರ ನಿಧಾನಕ್ಕೆ ಕರಗುತ್ತದೆ. ಹಾಗಾಗಿ ಇಂಥ ಕಾರುಗಳು ಅಪರೂಪವೇನಲ್ಲ. "ಬರೀ ಕಂತು ಕಟ್ಟಿದರೆ ಸಾಕು, ಕೈಗೇನೂ ಬೇಡ" ಅನ್ನುವ ಉದಾರಿಗಳ ಗುಟ್ಟು ಎಷ್ಟೋ ಸಲ ಇದೇ ಅಲ್ವಾ?

ಸರಿಯಾದ ದಾರಿ ಬೇಜಾರಿನದ್ದು, ಆದರೆ ಕಷ್ಟದ್ದಲ್ಲ. ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ. ಅವರು ನಿಮ್ಮ ಆದಾಯ ನೋಡಿ ಒಪ್ಪಿದರೆ ಸಾಲ ನಿಮ್ಮ ಹೆಸರಿಗೆ ಹೊಸ ಕರಾರಿನಲ್ಲಿ ಬರಬೇಕು. ಹಳೇ ಸಾಲಗಾರರು ಮತ್ತು ಜಾಮೀನುದಾರರು ಬಿಡುಗಡೆಯಾದರು ಅನ್ನುವುದೂ ಬರವಣಿಗೆಯಲ್ಲಿ ಇರಬೇಕು. ಎಷ್ಟೋ ಬ್ಯಾಂಕ್‌ಗಳು ಇದಕ್ಕೆ ಒಪ್ಪುವುದೇ ಇಲ್ಲ. ಒಪ್ಪದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಹೆಸರಿನಲ್ಲಿ ಬೇರೆ ಸಾಲ ತೆಗೆದು, ಹಳೇ ಸಾಲವನ್ನು ಪೂರ್ತಿ ತೀರಿಸಿ, ಕಾರನ್ನು ಮಾಮೂಲಿ ಖರೀದಿಯಂತೆ ಕೊಳ್ಳಿ. ನನಗಂತೂ ಇದೇ ಜಾಸ್ತಿ ಇಷ್ಟ. ಬಡ್ಡಿ ದರ ತುಸು ಹೆಚ್ಚಾದರೂ ಪರವಾಗಿಲ್ಲ. ಒಂದೇ ಷರತ್ತು, ಸಾಲ ತೀರಿಸುವ ಹಣ ನೇರವಾಗಿ ಬ್ಯಾಂಕಿನ ಸಾಲದ ಖಾತೆಗೇ ಹೋಗಬೇಕು, ಮಾಲೀಕರ ಕೈಗಲ್ಲ.

ಹಣ ಕಟ್ಟಿದ ಮೇಲೂ ಕೆಲಸ ಉಳಿದಿರುತ್ತದೆ. ಬಾಕಿ ಇಲ್ಲ ಅನ್ನುವ ಪತ್ರ ತಗೊಂಡು ನೋಂದಣಿಯಲ್ಲಿರುವ ಹಳೇ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ನೋಂದಣಿ, ವಿಮೆ ಎರಡೂ ನಿಮ್ಮ ಹೆಸರಿಗೆ ಬರಬೇಕು. ಹಳೇ ದಂಡ, ತೆರಿಗೆ ಬಾಕಿ ಇದೆಯಾ ಅಂತ ಮಾತ್ರ ದುಡ್ಡು ಕೊಡುವ ಮುಂಚೆಯೇ ನೋಡಿಕೊಳ್ಳಿ. ಮಾರಿದವರಿಗೂ ಒಂದು ಮಾತು: ನಿಮ್ಮ ಖಾತೆಯಿಂದ ತಾನಾಗಿ ಹೋಗುತ್ತಿದ್ದ ಕಂತು ನಿಂತಿದೆಯಾ ಅಂತ ಮುಂದಿನ ತಿಂಗಳು ಒಮ್ಮೆ ನೋಡಿ, ಕೊಟ್ಟಿದ್ದ ಖಾಲಿ ಚೆಕ್‌ಗಳಿದ್ದರೆ ವಾಪಸ್ ಕೇಳಿ.